ಮಳೆ ರಜೆಯ ಆನ್‌ಲೈನ್ ಕ್ಲಾಸು: ಸಿಗ್ನಲ್ ಇಲ್ಲದ ಮಕ್ಕಳಿಗೆ ಪಾಠ ತಲುಪಿಸುವುದು ಹೇಗೆ?

ಮಲೆನಾಡ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಬಿಎ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ಜುಲೈ ಬಂತೆಂದರೆ ನಮ್ಮಲ್ಲಿ ಮಳೆ ರಜೆ ಶುರು. ರಾತ್ರಿ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ, ಬೆಳಿಗ್ಗೆ ಹತ್ತು ಗಂಟೆಗೆ ನಾವು ಗೂಗಲ್ ಮೀಟ್ ಲಿಂಕ್ ಹಾಕುತ್ತೇವೆ. ಸಿಲಬಸ್ ಮುಗಿಯಬೇಕಲ್ಲ.

ಆದರೆ ಸೇರುವವರು ಅರ್ಧಕ್ಕಿಂತ ಕಡಿಮೆ. ಕರೆಂಟ್ ಹೋಗಿರುತ್ತದೆ, ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ. 2020ರಲ್ಲಿ ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದ್ದನ್ನು ನೋಡಿದವರು ನಾವು, ಈ ಗಾಳಿ ಮಳೆಯಲ್ಲಿ ಮತ್ತೆ ಹತ್ತಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಸೇರಿದವರೂ ಎಲ್ಲರೂ ಮ್ಯೂಟ್. ಅರ್ಥ ಆಯ್ತಾ ಅಂದರೆ ಚಾಟ್‌ನಲ್ಲಿ ಸಾಲಾಗಿ 'ಎಸ್ ಸರ್' ಬರುತ್ತದೆ. ಕಾಲೇಜು ತೆರೆದ ಮೇಲೆ ಬೇಡಿಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದರ, ಅದೇ ಲೆಕ್ಕ ಬೋರ್ಡಿಗೆ ಹಾಕಿದರೆ ಯಾರೂ ಏಳುವುದಿಲ್ಲ.

ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಿಸುವ ಶಕ್ತಿ ನಮ್ಮ ಕಾಲೇಜಿಗಿಲ್ಲ. ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್, ಒಂದು ಫೋನ್ ಇದೆ. ಮಕ್ಕಳ ಹತ್ತಿರ ಫೋನ್ ಇದೆ, ಕೆಲವರ ಮನೆಯಲ್ಲಿ ಅಣ್ಣ ತಂಗಿ ಇಬ್ಬರಿಗೂ ಅದೊಂದೇ. ಇಷ್ಟರಲ್ಲಿ ಯಾರಾದರೂ ಚೆನ್ನಾಗಿ ಮಾಡಿದ್ದೀರಾ? ನಿಜವಾಗಿ ನಡೆದದ್ದನ್ನು ಹೇಳಿ.

ಧಾರವಾಡದ ಮೇಡಂ:

ಸರ್, ಒಂದು ಗಂಟೆಯ ಲೈವ್ ಕ್ಲಾಸನ್ನು ಮೊದಲು ಬಿಡಿ. ಕಾಲೇಜಿನ ಪಿರಿಯಡ್ಡನ್ನು ಹಾಗೇ ಎತ್ತಿ ಫೋನಿಗೆ ಹಾಕಿದರೆ ನಡೆಯುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಸಿಗ್ನಲ್ಲಿನಲ್ಲಿ ಇರಬೇಕು ಅನ್ನುವುದೇ ನಿಮ್ಮ ಊರಿನಲ್ಲಿ ಆಗದ ಮಾತು, ಅಲ್ವಾ?

ನಾನು ಮಾಡುವುದು ಹೀಗೆ. ಒಂದು ಪಾಠವನ್ನು ಐದಾರು ನಿಮಿಷದ ತುಂಡುಗಳಾಗಿ ಒಡೆಯುತ್ತೇನೆ. ಇದು ಸುಮ್ನೆ ನನ್ನ ಅಂದಾಜಲ್ಲ. 2014ರಲ್ಲಿ ಫಿಲಿಪ್ ಗುವೋ ಮತ್ತು ಜೊತೆಗಾರರು ಎಡ್‌ಎಕ್ಸ್ ಅನ್ನುವ ಆನ್‌ಲೈನ್ ತಾಣದ ಕೋರ್ಸುಗಳಲ್ಲಿ ಮಕ್ಕಳು ವಿಡಿಯೋ ನೋಡಿದ ಸುಮಾರು 69 ಲಕ್ಷ ದಾಖಲೆಗಳನ್ನು ತೆಗೆದು ನೋಡಿದ್ದರು. ವಿಡಿಯೋ ಎಷ್ಟೇ ಉದ್ದ ಇರಲಿ, ನೋಡುವುದು ಹೆಚ್ಚೆಂದರೆ 6 ನಿಮಿಷದ ಆಸುಪಾಸು. ಸ್ಲೈಡ್ ಓದುವುದಕ್ಕಿಂತ ಕೈಯಲ್ಲಿ ಬರೆಯುತ್ತಾ ಹೇಳುವ ವಿಡಿಯೋ ಮಕ್ಕಳನ್ನು ಜಾಸ್ತಿ ಹಿಡಿದಿಡುತ್ತದೆ ಅಂತಲೂ ಅದರಲ್ಲೇ ಇದೆ. ಅದಕ್ಕೆ ನಾನು ಎರಡು ಪುಸ್ತಕದ ರಾಶಿ ಮಾಡಿ, ಮೇಲೆ ಸ್ಕೇಲ್ ಅಡ್ಡ ಇಟ್ಟು, ಅದರ ಮೇಲೆ ಫೋನ್ ಇಟ್ಟು, ಕೆಳಗೆ ಹಾಳೆಯಲ್ಲಿ ಬರೆಯುತ್ತಾ ರೆಕಾರ್ಡ್ ಮಾಡುತ್ತೇನೆ. ಸ್ಟ್ಯಾಂಡ್ ಕೊಳ್ಳುವುದೇ ಬೇಡ.

ಅದಕ್ಕಿಂತ ಮುಖ್ಯವಾದದ್ದು ವಿಡಿಯೋ ಆದ ಮೇಲಿನ ಪ್ರಶ್ನೆ. 'ಎಸ್ ಸರ್' ಅನ್ನುವುದರಿಂದ ನಿಮಗೇನೂ ಗೊತ್ತಾಗುವುದಿಲ್ಲ. ಯಾರಿಗೆ ಎಲ್ಲಿ ತಪ್ಪುತ್ತಿದೆ ಅಂತ ತೋರಿಸಿಕೊಡುವ ಕೆಲಸಕ್ಕೆ ಯಂತ್ರವನ್ನು ಹಚ್ಚಿ. ನಿಮ್ಮ ಪಾಠವನ್ನೇ ತೆಗೆದುಕೊಳ್ಳಿ. ಟೊಮೇಟೊ ಬೆಲೆ ಕೆಜಿಗೆ 20 ರೂಪಾಯಿಯಿಂದ 40ಕ್ಕೆ ಏರಿತು, ಒಂದು ಮೆಸ್‌ನವರು 10 ಕೆಜಿ ಬದಲು 8 ಕೆಜಿ ಕೊಂಡರು, ಶೇಕಡಾವಾರು ವಿಧಾನದಲ್ಲಿ ಸ್ಥಿತಿಸ್ಥಾಪಕತ್ವ ಎಷ್ಟು? ಬೇಡಿಕೆ ಇಳಿದದ್ದು ಶೇ 20, ಬೆಲೆ ಏರಿದ್ದು ಶೇ 100, ಉತ್ತರ 0.2. ಈಗ ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಹಾಕಬೇಡಿ. 5 ಅಂತ ಒಂದು ಇಡಿ, ಭಾಗಾಕಾರ ತಲೆಕೆಳಗು ಮಾಡಿದವರು ಅದನ್ನೇ ಒತ್ತುತ್ತಾರೆ. 0.1 ಅಂತ ಒಂದು, ಅದು ಶೇಕಡ ತೆಗೆಯದೆ ನೇರ 2ನ್ನು 20ರಿಂದ ಭಾಗಿಸಿದವರಿಗೆ. 10 ಅಂತ ಒಂದು, ಎರಡೂ ತಪ್ಪು ಒಟ್ಟಿಗೆ ಮಾಡಿದವರಿಗೆ. ಗೂಗಲ್ ಫಾರ್ಮ್‌ನಲ್ಲಿ ಉತ್ತರ ನೋಡಿಕೊಂಡು ಬೇರೆ ಬೇರೆ ಭಾಗಕ್ಕೆ ಕಳಿಸುವ ಸೌಲಭ್ಯ ಇದೆ. 5 ಒತ್ತಿದವರಿಗೆ ಯಾವುದನ್ನು ಯಾವುದರಿಂದ ಭಾಗಿಸಬೇಕು ಅಂತ ಮೂರು ಸಾಲಿನ ವಿವರಣೆ, ಆಮೇಲೆ ಅದೇ ಬಗೆಯ ಇನ್ನೊಂದು ಲೆಕ್ಕ. ಮರುದಿನ ಶೀಟ್ ತೆರೆದರೆ ತರಗತಿ ಎಲ್ಲಿ ನಿಂತಿದೆ ಅಂತ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಮಾತು. ವಾರ ಬಿಟ್ಟು ಅದೇ ಪ್ರಶ್ನೆಯನ್ನು ಅಂಕಿ ಬದಲಿಸಿ ಮತ್ತೆ ಕೇಳಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರ ಬಿಟ್ಟು ಕೇಳಿದಾಗ ನೆನಪು ಮಾಡಿಕೊಂಡು ಪರೀಕ್ಷೆ ಬರೆದವರು ಅವರನ್ನು ದಾಟಿದ್ದರು. ನಮ್ಮ ಮಕ್ಕಳು ಸೆಮಿಸ್ಟರ್ ಕೊನೆಯಲ್ಲಿ ನೋಟ್ಸ್ ಓದಿ ಓದಿ ಮರೆಯುವುದನ್ನು ನೋಡುತ್ತಲೇ ಇದ್ದೇವಲ್ಲ.

ಸಂಜೆ ಓದುಗ:

ಇಷ್ಟೆಲ್ಲಾ ಯಾಕೆ ಸರ್? ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂನಲ್ಲಿ ಕೋರ್ಸುಗಳಿವೆಯಲ್ಲ, ಅದನ್ನೇ ಮಾಡಿ ಅಂದರೆ ಆಯ್ತು. 2021ರ ಯುಜಿಸಿ ನಿಯಮದಲ್ಲಿ ಶೇ 40ರವರೆಗೆ ಕ್ರೆಡಿಟ್ ತೆಗೆದುಕೊಳ್ಳಲು ಅವಕಾಶವೂ ಇದೆ.

ಧಾರವಾಡದ ಮೇಡಂ:

ಸ್ವಯಂ ಒಳ್ಳೆಯದೇ, ನಾನೂ ಹೇಳುತ್ತೇನೆ. ಆದರೆ ಕನ್ನಡ ಮಾಧ್ಯಮದಿಂದ ಬಂದ ಮೊದಲ ವರ್ಷದ ಹುಡುಗ ಇಂಗ್ಲಿಷಿನಲ್ಲಿ ಅಷ್ಟು ವಾರ ಒಬ್ಬನೇ ಕೂತು ನೋಡುವುದಿಲ್ಲ. ಅವನಿಗೆ ಗೊತ್ತಿರುವ ಮೇಷ್ಟ್ರ ದನಿ ಬೇಕು.

ಕೊನೇ ಸೆಮ್ ಹುಡುಗಿ:

ನಾನು ವಿದ್ಯಾರ್ಥಿನಿ, ಶಿರಸಿ ಕಡೆಯವಳು, ಬಿಕಾಂ. ನಮ್ಮ ಕಡೆಯಿಂದಲೂ ಸ್ವಲ್ಪ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿರುತ್ತಾರೆ, ಅದರಲ್ಲಿ ಮನೆಯವರ ವಿಡಿಯೋ ಕಾಲ್ ಕೂಡ ಆಗಬೇಕು. ಲಿಂಕ್ ಮೇಲೆ ಲಿಂಕ್ ಕಳಿಸಿದರೆ ತೆರೆಯುವುದೇ ಇಲ್ಲ. ಫೈಲನ್ನೇ ಕಳಿಸಿ, ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು ರಾತ್ರಿ ನೋಡುತ್ತೇವೆ. ನಮ್ಮ ಒಬ್ಬ ಸರ್ ಲೆಕ್ಕದ ಹಾಳೆಯ ಫೋಟೋ ಹಾಕಿ, ಅದರ ಕೆಳಗೆ ವಾಯ್ಸ್ ನೋಟ್ ಕಳಿಸುತ್ತಿದ್ದರು. 'ಈಗ ಎರಡನೇ ಸಾಲು ನೋಡಿ' ಅಂತ ಅವರ ದನಿಯಲ್ಲೇ ಕೇಳುತ್ತಿತ್ತು. ವಿಡಿಯೋಗಿಂತ ಅದೇ ನನಗೆ ಚೆನ್ನಾಗಿ ಅರ್ಥವಾಯಿತು, ಯಾಕಂದರೆ ನಿಲ್ಲಿಸಿ ನಿಲ್ಲಿಸಿ ಹಾಳೆಯಲ್ಲಿ ನಾನೂ ಮಾಡಬಹುದಿತ್ತು.

ಕ್ಯಾಮೆರಾ ಹಾಕಿ ಅಂತ ದಯವಿಟ್ಟು ಒತ್ತಾಯ ಮಾಡಬೇಡಿ. ಒಂದೇ ಕೋಣೆಯಲ್ಲಿ ಅಜ್ಜಿ ಮಲಗಿರುತ್ತಾರೆ, ಅಮ್ಮ ಅಡುಗೆ ಮಾಡುತ್ತಿರುತ್ತಾರೆ. ಹಾಜರಾತಿಗೋಸ್ಕರ ಸೇರಿ ಫೋನ್ ಪಕ್ಕಕ್ಕಿಟ್ಟು ಹೋಗುವವರು ತುಂಬಾ ಜನ. ಪ್ರಶ್ನೆಗೆ ಉತ್ತರ ಕಳಿಸಿದವರಿಗೆ ಹಾಜರಿ ಅಂತ ಮಾಡಿದರೆ ಸಿಗ್ನಲ್ ಇಲ್ಲದವರಿಗೂ ನ್ಯಾಯ ಸಿಗುತ್ತದೆ.

ಲ್ಯಾಬ್ ಮೇಷ್ಟ್ರು:

ಈ ಹುಡುಗಿ ಹೇಳಿದ್ದು ಸರಿ. ಲೆಕ್ಕ ಹಾಕಿ ನೋಡಿ, ಬರೀ ದನಿ ಆದರೆ 32 ಕೆಬಿಪಿಎಸ್‌ನಲ್ಲಿ 10 ನಿಮಿಷಕ್ಕೆ ಎರಡೂವರೆ ಎಂಬಿ ಕೂಡ ಆಗುವುದಿಲ್ಲ. ಟುಜಿ ಸಿಗ್ನಲ್ಲಿನಲ್ಲೂ ನಿಧಾನಕ್ಕೆ ಇಳಿಯುತ್ತದೆ.

ನಾನು ಹುಬ್ಬಳ್ಳಿ ಕಡೆ ಡಿಪ್ಲೊಮಾ ಮಕ್ಕಳಿಗೆ ಕಲಿಸುತ್ತೇನೆ. ಮೂಡಲ್ ಬಳಸಿ ನೋಡಿ, ಆನ್‌ಲೈನ್‌ನಲ್ಲಿ ಪಾಠ, ಕ್ವಿಜ್ ನಡೆಸಲು 2002ರಿಂದ ಇರುವ ಉಚಿತ ತಂತ್ರಾಂಶ. ಅದರ ಫೋನ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಕ್ವಿಜ್ ಸೆಟ್ಟಿಂಗ್‌ನಲ್ಲಿ ಆಫ್‌ಲೈನ್ ಉತ್ತರಕ್ಕೆ ಅನುಮತಿ ಕೊಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಮಕ್ಕಳು ಮನೆಯಲ್ಲಿ ಉತ್ತರಿಸಿ, ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಸಮಯದ ಮಿತಿ ಮಾತ್ರ ಇಡಬೇಡಿ, ಇಟ್ಟರೆ ಆಫ್‌ಲೈನ್ ನಡೆಯುವುದಿಲ್ಲ. ಸರ್ವರ್ ನೋಡಿಕೊಳ್ಳಲು ಒಬ್ಬರು ಬೇಕು, ನಿಜ. ಆ ಜನ ಇಲ್ಲದಿದ್ದರೆ ಮೇಡಂ ಹೇಳಿದ ಫಾರ್ಮ್ ಸಾಕು.

ವಿಜ್ಞಾನ ಕಲಿಸುವವರಿಗೆ ಪರದೆಯ ಮೇಲೆ ಪ್ರಯೋಗ ಮಾಡಿಸುವ ವರ್ಚುವಲ್ ಲ್ಯಾಬ್ಸ್ ತಾಣ ಇದೆ, ಐಐಟಿಗಳ ಜೊತೆ ನಮ್ಮ ಸುರತ್ಕಲ್ ಎನ್‌ಐಟಿಕೆ ಕೂಡ ಅದರಲ್ಲಿದೆ. ಕೆಲವು ಪ್ರಯೋಗ ಸಣ್ಣ ಪರದೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಮೊದಲು ನಿಮ್ಮ ಫೋನಿನಲ್ಲೇ ನೋಡಿ ಆಮೇಲೆ ಕೊಡಿ. ಕಂಪ್ಯೂಟರ್ ಪಾಠಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್, ಕನ್ನಡ ದನಿಯಲ್ಲೂ ಸಿಗುತ್ತದೆ.

ಆದರೆ ಲೈವ್ ಪೂರ್ತಿ ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ, ಬರೀ ಸಂಶಯಕ್ಕೆ, ಇರಲೇಬೇಕು. ಮಕ್ಕಳಿಗೆ ಒಬ್ಬರಿಗೊಬ್ಬರ ದನಿ ಕೇಳದೆ ಹೋದರೆ ಕಾಲೇಜು ಅನ್ನುವುದೇ ಮರೆತುಹೋಗುತ್ತದೆ. ಅದರ ರೆಕಾರ್ಡಿಂಗ್‌ನಿಂದ ದನಿ ಮಾತ್ರ ತೆಗೆದು ಗುಂಪಿಗೆ ಹಾಕಿ.

ಮಲೆನಾಡ ಮೇಷ್ಟ್ರು:

ಎಲ್ಲರಿಗೂ ತುಂಬಾ ಧನ್ಯವಾದ. ಹಾಳೆಯ ಫೋಟೋ ಮತ್ತು ವಾಯ್ಸ್ ನೋಟ್ ನನಗೆ ಹೊಳೆದೇ ಇರಲಿಲ್ಲ, ನಾಳೆಯಿಂದಲೇ ಮಾಡುತ್ತೇನೆ. ಎರಡು ಸಂಶಯ. ಒಬ್ಬ ಉತ್ತರ ಬಿಡಿಸಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಎಲ್ಲರೂ ಅದನ್ನೇ ಒತ್ತುತ್ತಾರಲ್ಲ? ಚಾಟ್‌ಜಿಪಿಟಿ ಬೇರೆ ಇದೆ. ಇನ್ನೊಂದು, ನನ್ನ ಹಳೆಯ ಪ್ರಶ್ನೆಗಳೆಲ್ಲ 'ನುಡಿ' ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಫಾರ್ಮಿಗೆ ಅಂಟಿಸಿದರೆ ವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತಿದೆ.

ಧಾರವಾಡದ ಮೇಡಂ:

ಸರಿ ಉತ್ತರಕ್ಕೆ ಅಂಕ ಇಡಬೇಡಿ ಸರ್, ಉತ್ತರಿಸಿದ್ದಕ್ಕೆ ಹಾಜರಿ ಕೊಡಿ. ತಪ್ಪಿದರೆ ನಷ್ಟವಿಲ್ಲ ಅಂತ ಗೊತ್ತಾದರೆ ನಕಲು ತಾನಾಗಿ ಕಡಿಮೆಯಾಗುತ್ತದೆ. ಅದರ ಜೊತೆ ಅವರ ಮನೆಯ ಪ್ರಶ್ನೆ ಒಂದು ಇಡಿ. ಹೋದ ತಿಂಗಳು ಬೆಲೆ ಏರಿದ ಯಾವ ಸಾಮಾನನ್ನು ನಿಮ್ಮ ಮನೆಯಲ್ಲಿ ಕಡಿಮೆ ತಂದಿರಿ, ಯಾವುದನ್ನು ಅಷ್ಟೇ ತಂದಿರಿ, ಯಾಕೆ, ವಾಯ್ಸ್ ನೋಟ್‌ನಲ್ಲಿ ಹೇಳಿ. ಅದನ್ನು ಅಮ್ಮನ ಹತ್ತಿರ ಕೇಳಿಯೇ ಹೇಳಬೇಕು. ನೀವು ಎಲ್ಲವನ್ನೂ ಕೇಳಲು ಆಗುವುದಿಲ್ಲ, ದಿನಕ್ಕೆ ಕೆಲವರದ್ದು ಕೇಳಿ ಹೆಸರು ಹಿಡಿದು ಮಾತಾಡಿ, ಸಾಕು.

ನುಡಿಯ ಹಳೆಯ ಫೈಲುಗಳು ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಕ್ಷರದಲ್ಲಿಲ್ಲ, ಆಸ್ಕಿ ಅನ್ನುವ ಹಳೆಯ ಬಗೆಯಲ್ಲಿವೆ, ಅದಕ್ಕೇ ಹಾಗೆ ಬರುತ್ತದೆ. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ನೆಟ್‌ನಲ್ಲಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ, ಅಲ್ಲೇ ತಪ್ಪುವುದು ಜಾಸ್ತಿ. ಹೊಸ ಪ್ರಶ್ನೆಗಳನ್ನು ಮೊದಲಿನಿಂದಲೇ ಯೂನಿಕೋಡಿನಲ್ಲಿ ಹೊಡೆಯಿರಿ, ಫೋನಿನ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿಯೂ ಬರೆಸಬಹುದು.