ಹೋರಾಟಗಾರರ ಸಾಕ್ಷ್ಯಚಿತ್ರ: ಮನಿ ಭಾಗ ಬರೀ ಹೊಗಳಿಕೆ ಆಗ್ಲಿಕತ್ತದ, ಏನು ಮಾಡೋದು?

ಆಳಂದ_ರಸ್ತೆ

ನಮಸ್ಕಾರ್ರಿ ಎಲ್ಲರಿಗೂ. ಆಳಂದ ತಾಲ್ಲೂಕಿನ ಒಬ್ಬ ಹೋರಾಟಗಾರರ ಮ್ಯಾಲ 45 ನಿಮಿಷದ ಸಾಕ್ಷ್ಯಚಿತ್ರ ನಡೆದದ. 1948ರ ಹೈದರಾಬಾದ್ ವಿಮೋಚನೆ ವ್ಯಾಳ್ಯಾಕ್ಕ ಹದಿನೇಳರ ಹುಡುಗ, ನಿಜಾಮನ ವಿರುದ್ಧ ಹೋರಾಡೋರು ಸೊಲ್ಲಾಪುರ ಕಡೆ ಹಾಕಿದ್ದ ಗಡಿ ಶಿಬಿರದಾಗ ಇದ್ದವರು. ಮುಂದ ತೊಗರಿ ಬೆಳೆಗಾರರ ಹೋರಾಟ, ಕಡೀಗೆ ನಮ್ಮ ಭಾಗಕ್ಕ ಸಂವಿಧಾನದಾಗ ವಿಶೇಷ ಸ್ಥಾನ ಕೇಳಿದ 371(ಜೆ) ಚಳವಳಿ. ಈಗ ಅವರಿಲ್ಲ. ಹೆಂಡತಿಗೆ 84 ವಯಸ್ಸು, ನೆನಪು ಚಲೋ ಅದ.

ಭಾಷಣ, ಧರಣಿ, ಪೇಪರ್ ತುಣುಕು ಸಾಕಷ್ಟು ಸಿಕ್ಕಾವ. ತೊಡಕು ಇರೋದು ಮನ್ಯಾಗ. ಕ್ಯಾಮೆರಾ ಇಟ್ಟ ಕೂಡಲೇ ಅಮ್ಮ "ದೇವರಂಥ ಮನುಷ್ಯಾ" ಅಂತಾರ, ಅಲ್ಲಿಗೆ ಮಾತು ಮುಗೀತದ. ಉಳಿದದ್ದನ್ನ ಪಕ್ಕದಾಗ ಕೂತ ಹಿರಿಮಗನೇ ಹೇಳತಾರ. ಶಹಾಬಾದ್ ಕಲ್ಲು ಹಾಸಿದ ಮನಿ, ಧ್ವನಿ ಗಂವ್ ಅಂತದ. ಟ್ರಂಕಿನಾಗ ಒಂದು ಕಟ್ಟು ಉರ್ದು ಕಾಗದ ಅವ, ಓದಲಿಕ್ಕೆ ಬರಂಗಿಲ್ಲ. ಮಗಳು ಮಾತ್ರ ಸಿನಿಮಾದಾಗ ಬರೋದೇ ಇಲ್ಲ ಅಂದಾರ. ನಮ್ಮ ಕಡೆ ಒಂದು ಮಿರರ್‌ಲೆಸ್ ಕ್ಯಾಮೆರಾ, ಒಂದು ಕಾಲರ್ ಮೈಕ್, ಒಂದು ಬೂಮ್ ಮೈಕ್ ಅದ. ತಿಳಿದವರು ಹೇಳ್ರಿ.

ಭೀಮಾ_ದಂಡಿ

ಮೊದಲ ಹಿರಿಮಗನ ವಿಷಯ. ಅವರನ್ನ ಹೊರಗ ಕಳಿಸಿದ್ರ ಮನಸ್ಸಿಗೆ ಹತ್ತಿಸ್ಕೋತಾರ. ಹಂಗಾಗಿ ಅವರ ಸಂದರ್ಶನ ಒಂದಿನ ಮುಂಚೇನೇ ಪೂರ್ತಿ ಮಾಡಿ ಮುಗಿಸ್ರಿ, ಎರಡು ತಾಸು ಹಿಡೀಲಿ. ಮರುದಿನ ಅಮ್ಮ ಮಾತಾಡೋ ಹೊತ್ತಿಗೆ ನಿಮ್ಮ ಜೋಡಿದಾರ ಒಬ್ಬರು ಫೋನ್ ಕ್ಯಾಮೆರಾ ತಗೊಂಡು ಮಗನ ಜತಿ ಹೊಲಕ್ಕ ಹೋಗಲಿ, ಅಪ್ಪ ಉಳುತ್ತಿದ್ದ ಜಾಗ ತೋರಿಸಲಿ ಅಂತ. ಆ ಶಾಟ್ ನಿಮಗೆ ಹೆಂಗೂ ಬೇಕು.

"ಅವರು ಹೆಂಗಿದ್ರು" ಅಂತ ಕೇಳಿದ್ರ "ಚಲೋ ಇದ್ರು" ಅಂತನೇ ಬರ್ತದ. ಲೆಕ್ಕ ಕೇಳ್ರಿ. ರಾತ್ರಿ ಹತ್ತು ಮಂದಿ ಬಂದ್ರ ಎಷ್ಟು ರೊಟ್ಟಿ ಬಡೀತಿದ್ರಿ? ಜೋಳ ಮನೀದೋ, ಕಡಾ ತಂದದ್ದೋ? ಅವರು ಬೆಂಗಳೂರಿಗೆ ಧರಣಿಗೆ ಹೋದಾಗ ತೊಗರಿ ರಾಶಿ ಯಾರು ಮಾಡಿಸಿದ್ರು? ಸೊಸೈಟಿ ಸಾಲದ ನೋಟಿಸ್ ಬಂದ್ರ ಯಾರು ತಗೋತಿದ್ರು? ಹುಡುಗರ ಫೀಸಿನ ದಿನ ಅವರು ಎಲ್ಲಿದ್ರು? ಇಂಥ ಪ್ರಶ್ನೆಗೆ ಅಮ್ಮನ ಸಿಟ್ಟು, ದುಡಿಮಿ, ಹೆಮ್ಮಿ ಎಲ್ಲಾ ತಾನಾಗೇ ಹೊರಗ ಬರ್ತದ. ಗಂಡ ಊರ ಹೋರಾಟ ಮಾಡಿದ್ರ ಆ ಹೋರಾಟಕ್ಕ ಉಣಿಸಿದಾಕಿ ಆಕಿ. ನನ್ನ ಲೆಕ್ಕದಾಗ ನಿಮ್ಮ ಸಿನಿಮಾ ಅಲ್ಲೇ ಅದ.

ಕುರ್ಚಿ ಮ್ಯಾಲ ಕೂಡಿಸಬ್ಯಾಡ್ರಿ, ಅಡುಗಿ ಮನ್ಯಾಗ ಮಾತಾಡಿಸ್ರಿ. 84ರ ಜೀವನ್ನ ಒಲಿ ಮುಂದ ತಾಸುಗಟ್ಟಲೆ ಕೂಡಿಸೋದು ತಪ್ಪು. ಸೊಸಿ ಬಡೀಲಿ, ಅಮ್ಮ ಬಾಜೂಕ ಕೂತು ತಿದ್ದಲಿ: ಎಸರು ಸಾಲದು, ಇನ್ನಷ್ಟು ನಾದು ಅಂತ. ರೊಟ್ಟಿ ಹಂಚಿಗೆ ಹಾಕಿ, ಒದ್ದಿ ಬಟ್ಟಿಲೆ ನೀರು ಸವರಿ, ಮಗಚೋ ತನಕ ಅರ್ಧ ನಿಮಿಷ ಸದ್ದು ಇರಂಗಿಲ್ಲ. ಪ್ರಶ್ನೆ ಆವಾಗ ಕೇಳ್ರಿ. ಬಡಿಯುವಾಗ ಕೇಳಿದ್ರ ಉತ್ತರದ ಅರ್ಧ ಪರಾತದಾಗ ಹೋಗ್ತದ.

ಒಪ್ಪಿಗಿ ಪತ್ರ ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ, ಕನ್ನಡದಾಗೇ ಇರಲಿ. ಮಗ ಸಹಿ ಹಾಕಿದ್ರ ತಾಯಿ ಒಪ್ಪಿದಂಗ ಅಲ್ಲ. ಕ್ಯಾಮೆರಾ ಚಾಲೂ ಇಟ್ಟು ಪೂರ್ತಿ ಓದಿ ಹೇಳ್ರಿ, ಹೆಬ್ಬೆಟ್ಟಾದ್ರ ಮನಿಯವರಲ್ಲದ ಒಬ್ಬ ಸಾಕ್ಷಿ ಸಹಿ ಮಾಡಲಿ. ಸಂಕಲನ ಪಕ್ಕಾ ಆಗೋ ತನಕ ಯಾವ ಮಾತಾದ್ರೂ ತೆಗಿಸಬಹುದು ಅಂತ ಅದರಾಗ ಬರೀರಿ. ಆ ಧೈರ್ಯ ಸಿಕ್ಕ ಮ್ಯಾಲೇ ಮನಿ ಮಾತು ಹೊರಬೀಳೋದು.

ಶಹಾಬಾದ್_ಕಲ್ಲು

ಧ್ವನಿ ಬಗ್ಗೆ ಅಷ್ಟೇ ಹೇಳತೀನಿ.

ಗಂವ್ ಅನ್ನೋದು ಕಲ್ಲಿನ ನೆಲ, ಗ್ವಾಡಿಗೆ ಬಡದು ಹೊಳ್ಳಿ ಬರೋ ಸದ್ದು. ಸ್ಟುಡಿಯೋ ಫೋಮ್ ಬೇಕಿಲ್ಲ, ಮನ್ಯಾಗಿನ ಕೌದಿ ಸಾಕು. ಒಂದು ದಪ್ಪನ ಕೌದಿ ಅಮ್ಮನ ಮುಂದಿನ ನೆಲಕ್ಕ, ಎರಡು ಕ್ಯಾಮೆರಾ ಹಿಂದಿನ ಗ್ವಾಡಿಗೆ ಹಗ್ಗ ಕಟ್ಟಿ ಇಳಿಬಿಡ್ರಿ. ಗ್ವಾಡಿಯಿಂದ ನಾಲ್ಕು ಬೆರಳು ದೂರ ಇರಲಿ, ಅಂಟಿಸಿದ್ರ ಅಷ್ಟು ಕೆಲಸ ಮಾಡಂಗಿಲ್ಲ. ಬೂಮ್ ಮೈಕ್ ಬಾಯಿಂದ ಎರಡು ಅಡಿ ಒಳಗ ಇರಬೇಕು. ನಾಲ್ಕು ಅಡಿಗೆ ಸರಿದ್ರ ಕೌದಿ ಹಾಕಿದ್ದೆಲ್ಲ ದಂಡ.

ಕಾಲರ್ ಮೈಕನ್ನ ಸೆರಗಿನ ಒಳಗ ಮುಚ್ಚಬ್ಯಾಡ್ರಿ, ಬಟ್ಟಿ ಸರಭರ ಅಂತದ, ಆಮ್ಯಾಲ ತೆಗೀಲಿಕ್ಕ ಬರಂಗಿಲ್ಲ. ಕುಬಸದ ಅಂಚಿಗೆ, ಸೆರಗು ಇಲ್ಲದ ಬಾಜೂಕ ಹಾಕ್ರಿ, ವೈರಿಗೆ ಒಂದು ಸಡಿಲ ಸುತ್ತು ಬಿಟ್ಟು ಟೇಪ್ ಅಂಟಿಸ್ರಿ. ಮೈಕ್ ಸಿಗಿಸೋದು ಸೊಸಿ ಇಲ್ಲಾ ಮೊಮ್ಮಗಳ ಕೈಲೇ ಆಗಲಿ.

48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಮೇಲ್ಮಟ್ಟ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ರೊಟ್ಟಿ ಬಡಿಯೋ ಪೆಟ್ಟು ಮಾತಿಗಿಂತ ಭಾಳ ಜೋರು, ಅದೇ ಮಟ್ಟದಾಗ ಹಿಡಿದ್ರ ಒಡೀತದ. ಆ ಸದ್ದನ್ನ ಮೈನಸ್ 20ಕ್ಕ ಇಳಿಸಿ ಬ್ಯಾರೆ ಐದು ನಿಮಿಷ ರೆಕಾರ್ಡ್ ಮಾಡ್ಕೋರಿ. ಫ್ಯಾನ್, ಫ್ರಿಜ್ ಬಂದ್ ಮಾಡ್ರಿ. ಬೈಕಿನ ಕೀಲಿ ಫ್ರಿಜ್ ಮ್ಯಾಲ ಇಟ್ರ ಹೋಗುವಾಗ ಚಾಲೂ ಮಾಡೋದು ಮರೆಯಂಗಿಲ್ಲ. ಎದ್ದು ಹೋಗೂ ಮೊದಲ ಖಾಲಿ ಕೋಣಿ ಸದ್ದು ಒಂದು ನಿಮಿಷ ತಗೋರಿ, ಕತ್ತರಿ ಹಾಕಿದ ಜಾಗ ಮುಚ್ಚಲಿಕ್ಕ ಅದೇ ಬೇಕು.

ಚಿತ್ರ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್, 30 ಫ್ರೇಮ್, ಶಟರ್ 1/60 ಇಟ್ರ ಟ್ಯೂಬ್‌ಲೈಟ್ ಪಟ್ಟಿಪಟ್ಟಿ ಹೊಡೀತದ. ಸೆಕೆಂಡಿಗೆ 100 ಮೆಗಾಬಿಟ್ ಅಂದ್ರ ತಾಸಿಗೆ 45 ಜಿಬಿ, 12 ತಾಸಿಗೆ 540. ಎರಡು ಹಾರ್ಡ್ ಡಿಸ್ಕಿಗೆ ಅವತ್ತೇ ರಾತ್ರಿ ಇಳಿಸಿ, ಒಂದನ್ನ ಬ್ಯಾರೆ ಮನ್ಯಾಗ ಇಡ್ರಿ. ಮೇ ತಿಂಗಳು ಬ್ಯಾಡೇ ಬ್ಯಾಡ, ಕ್ಯಾಮೆರಾ ಕಾದು ನಡುವೇ ಬಂದ್ ಆಗ್ತದ, ಫ್ಯಾನ್ ಬಂದ್ ಮಾಡಿ ಅಮ್ಮನ್ನ ಕೂಡಿಸಲಿಕ್ಕೂ ಆಗಂಗಿಲ್ಲ.

ಬಿದರಿ_ಕಪ್ಪು

ಉರ್ದು ಕಾಗದಗಳ ಬಗ್ಗೆ. ಅನುವಾದಕ್ಕೆ ಕೊಡುವ ಮೊದಲು ಎರಡೂ ಬದಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಕೊಳ್ಳಿ. ಹಿಂಬದಿಯ ಮೊಹರಿನಲ್ಲಿ ಕಚೇರಿಯ ಹೆಸರು ಇರಬಹುದು. ಗಾಜಿಗೆ ಅಂಟಿದ ಹಳೆಯ ಫೋಟೊ ಕೀಳಬೇಡಿ, ಚಿತ್ರದ ಪದರವೇ ಗಾಜಿನ ಜತೆ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ತೆಗೆಯಿರಿ.

ಹೆಚ್ಚಿನವರು ಎಡವುವುದು ಇಸವಿಯಲ್ಲಿ. ನಿಜಾಮ್ ಸರ್ಕಾರದ ಕಾಗದಗಳಲ್ಲಿ ಫಸ್ಲಿ, ಅಂದರೆ ಕಂದಾಯ ಲೆಕ್ಕದ ವರ್ಷ ಇರುತ್ತದೆ. 590 ಕೂಡಿಸಿದರೆ ಇಸವಿ ಸಿಗುತ್ತದೆ, ಆದರೆ ಹೈದರಾಬಾದಿನ ಫಸ್ಲಿ ಅಕ್ಟೋಬರ್ ಆರಂಭದಲ್ಲಿ, ಆಜುರ್ ತಿಂಗಳಿಂದ ಶುರುವಾಗುತ್ತದೆ. ಹಾಗಾಗಿ 1357 ಫಸ್ಲಿಯ ಆಜುರ್ ಎಂದರೆ 1947ರ ಕೊನೆ, ಅದೇ ವರ್ಷದ ಖುರ್ದಾದ್ ಎಂದರೆ 1948ರ ಬೇಸಿಗೆ. ತಿಂಗಳು ನೋಡದೆ ಇಸವಿ ಹಾಕಿದರೆ ಅವರು ಶಿಬಿರದಲ್ಲಿದ್ದ ಕಾಲವೇ ಅದಲು ಬದಲಾಗುತ್ತದೆ.

ಅವರಿಗೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬರುತ್ತಿದ್ದರೆ ಆ ಕಡತ ಹುಡುಕಿ. ಗಡಿ ಶಿಬಿರದಲ್ಲಿದ್ದುದಕ್ಕೆ ಕೊಟ್ಟ ಪ್ರಮಾಣಪತ್ರಗಳು ಅದರಲ್ಲಿ ಸಿಗಬಹುದು. ಅವರು ತೀರಿದ ಮೇಲೆ ಪಿಂಚಣಿ ಪತ್ನಿಯ ಹೆಸರಿಗೆ ಬಂದಿದ್ದರೆ ಆ ಕಡತಕ್ಕೆ ಅಮ್ಮನೇ ಮಾಹಿತಿ ಹಕ್ಕಿನ ಅರ್ಜಿ ಕೊಡಲಿ, ಪರರ ಮಾಹಿತಿ ಎಂಬ ತಕರಾರು ಏಳುವುದಿಲ್ಲ. ಮಾಹಿತಿ ಹಕ್ಕಿನಡಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಿಜಾಮ್ ಕಾಲದ ಸರ್ಕಾರಿ ದಾಖಲೆಗಳಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಹೋರಾಟಕ್ಕಾಗಿ ಹೊಲ ಮಾರಿದರು ಎಂದು ಮನೆಯವರು ಹೇಳಿದರೆ 1954-55ರ ಖಾಸ್ರಾ ಪಹಣಿಯನ್ನೂ ನಂತರದ ಮ್ಯುಟೇಶನ್ನುಗಳನ್ನೂ (ಹೊಲ ಯಾರ ಹೆಸರಿಗೆ ಹೋಯಿತು ಎಂಬ ದಾಖಲೆ) ಪಕ್ಕಪಕ್ಕ ಇಟ್ಟು ನೋಡಿ. ಎಕರೆ ಎಷ್ಟು ಕರಗಿತು ಎಂಬುದು ಕೈಬರಹದಲ್ಲೇ ಕಾಣುತ್ತದೆ.

ಇನ್ನೊಂದು. 371(ಜೆ) ಒಬ್ಬರಿಂದ ಬಂತು ಎನ್ನುವ ಧಾಟಿ ಬೇಡ. ತೆಲಂಗಾಣ ಸೇರಿದ ಅಂದಿನ ಆಂಧ್ರಪ್ರದೇಶಕ್ಕೆ 371(ಡಿ) ಸಿಕ್ಕಿದ್ದು 1973ರ ತಿದ್ದುಪಡಿಯಿಂದ. ನಮ್ಮ ಆಗಿನ ಆರು ಜಿಲ್ಲೆಗಳಿಗೆ 371(ಜೆ) ಕೊಟ್ಟ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2012ರಲ್ಲಿ. ಈ ನಡುವೆ ವೈಜನಾಥ ಪಾಟೀಲರಂಥ ಮುಂದಾಳುಗಳಿದ್ದರು, ಹೆಸರೇ ಬಾರದ ಸಾವಿರಾರು ಜನರೂ ಇದ್ದರು. ನಿಮ್ಮವರು ಯಾವ ಊರಿನ ಸಭೆಗೆ ಜನ ಕೂಡಿಸಿದರು ಎಂಬಷ್ಟನ್ನೇ ಖಚಿತವಾಗಿ ತೋರಿಸಿ, ಅವರ ತೂಕ ಕಮ್ಮಿಯಾಗುವುದಿಲ್ಲ.

ಆಳಂದ_ರಸ್ತೆ

ಭಾಳ ಉಪಕಾರ ಆಯ್ತ್ರಿ. ಎರಡು ಉಳಿದಾವ. ಇರೋದು ಒಂದೇ ಮನಿಮಂದಿ ಫೋಟೊ, ಅದರಾಗ ಮಗಳೂ ಇದ್ದಾರ. ಮುಖ ಮಸುಕು ಮಾಡಿದ್ರ ನಡೀತದೇನು? ಊರಾಗ ತೋರಿಸಲಿಕ್ಕ ಸೆನ್ಸಾರ್ ಬೇಕೇನು?

ಭೀಮಾ_ದಂಡಿ

ಮಸುಕು ಮಾಡಬ್ಯಾಡ್ರಿ. ನೋಡೋರ ಕಣ್ಣು ಅಲ್ಲೇ ಹೋಗ್ತದ, ಮನ್ಯಾಗ ಏನೋ ಆಗ್ಯಾದ ಅಂತ ಊರು ಮಾತಾಡ್ತದ. ಅಪ್ಪ-ಅಮ್ಮ ಇಬ್ಬರೇ ಬರೋಹಂಗ ಹತ್ತಿರದಿಂದ ಕತ್ತರಿಸಿ ತೋರಿಸ್ರಿ, ಅದಕ್ಕೂ ಮಗಳಿಗೆ ಮೊದಲು ಕೇಳ್ರಿ. ಆಕಿ ಯಾಕ ಬರಲಿಲ್ಲ ಅಂತ ಅಣ್ಣತಮ್ಮರ ಬಾಯಿಲೆ ಹೇಳಿಸೋದು ಮಾತ್ರ ಎಂದೂ ಬ್ಯಾಡ. ತನ್ನ ಮಾತು ಹೇಳಲಿಕ್ಕ ಆಕಿ ಅಲ್ಲಿ ಇರಂಗಿಲ್ಲ.

ಬಿದರಿ_ಕಪ್ಪು

ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು, ಸಾಕ್ಷ್ಯಚಿತ್ರಕ್ಕೂ ವಿನಾಯಿತಿ ಇಲ್ಲ. ಸೆನ್ಸಾರ್ ಮಂಡಳಿಯ ಜಾಲತಾಣ ಇ-ಸಿನೆಪ್ರಮಾಣ್‌ನಲ್ಲಿ ಅರ್ಜಿ, ಪ್ರಾದೇಶಿಕ ಕಚೇರಿ ಬೆಂಗಳೂರಲ್ಲಿದೆ. ಯೂಟ್ಯೂಬಿಗೆ ಹಾಕಲು ಅದು ಬೇಕಿಲ್ಲ. ಪೇಪರ್ ತುಣುಕು, ಪೇಪರಿನವರು ತೆಗೆದ ಫೋಟೊಗಳಿಗೆ ಆಯಾ ಪತ್ರಿಕೆಯಿಂದ ಲಿಖಿತ ಅನುಮತಿ ಈಗಲೇ ಕೇಳಿ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮೊದಲ ಪ್ರದರ್ಶನ ಮಾತ್ರ ಅಮ್ಮನ ಪಡಸಾಲೆಯಲ್ಲಿ, ಮನೆಯವರಿಗಷ್ಟೇ, ಸಂಕಲನ ಪಕ್ಕಾ ಮಾಡುವ ಮುಂಚೆ ಆಗಲಿ. ಅಮ್ಮ ತೆಗಿ ಅಂದದ್ದನ್ನು ತೆಗೆಯಲು ಆಗ ಇನ್ನೂ ಸಮಯ ಇರುತ್ತದೆ.