ಹಳೇ ಹಾರ್ಡ್ ಡಿಸ್ಕ್ ಹೊಸ ಡೆಸ್ಕ್‌ಟಾಪ್‌ಗೆ ಹಾಕಿದವರು ಅನುಭವ ಹೇಳಿ

ದಾವಣಗೆರೆ ಹುಡುಗ:
ಅಪ್ಪನ 2009ರ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದೆ. ಒಳಗಿನ 500 ಜಿಬಿ ಡಿಸ್ಕ್ ಬಿಚ್ಚಿ ತೆಗೆದಿದ್ದೇನೆ. ಹಿಂದೆ ಇಂಗ್ಲಿಷಿನ ಎಲ್ ಅಕ್ಷರದ ಹಾಗಿರುವ ಎರಡು ಕಿಂಡಿ ಇವೆ. ಅಕ್ಕನ ಮದುವೆ ಫೋಟೋ, ಅಪ್ಪ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು ಎಲ್ಲ ಅದರಲ್ಲೇ. ಹೋದ ತಿಂಗಳು ಹೊಸ ಡೆಸ್ಕ್‌ಟಾಪ್ ತಗೊಂಡೆ. ನೇರ ಒಳಗೆ ಹಾಕಲಾ, ಯುಎಸ್‌ಬಿ ಕನ್ವರ್ಟರ್ ತರಲಾ?

ಸಾಗರದವ:
ನನ್ನದು 2003ರ 40 ಜಿಬಿ, ಹಳೇ ಐಡಿಇ ಜೋಡಣೆಯದು. ಆ ಅಗಲ ಪಟ್ಟಿ ಕೇಬಲ್‌ಗೆ ಹೊಸ ಮದರ್‌ಬೋರ್ಡಲ್ಲಿ ಜಾಗವೇ ಇಲ್ಲ. 650 ರೂಪಾಯಿ ಕೊಟ್ಟು ಕನ್ವರ್ಟರ್ ತರಿಸಿದೆ. ಡಿಸ್ಕ್ ತಿರುಗಲೇ ಇಲ್ಲ. 3.5 ಇಂಚಿನದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿಯಿಂದ ಬರೋದು 5. ಪವರ್ ಅಡಾಪ್ಟರ್ ಇಲ್ಲದ್ದನ್ನು ಕಳಿಸಿದ್ದರು. ಅದನ್ನು ವಾಪಸ್ ಮಾಡಿ 1,150ರದ್ದು ತರಿಸಿದೆ. ಈಗ ತಿರುಗಿತು, ಆದರೆ ಕಾಣಿಸಲಿಲ್ಲ. ಡಿಸ್ಕ್ ಮೊದಲನೇದಾ (ಮಾಸ್ಟರ್), ಎರಡನೇದಾ (ಸ್ಲೇವ್) ಅಂತ ಹೇಳುವ ಜಂಪರ್ ಸ್ಲೇವ್‌ನಲ್ಲಿತ್ತು. ಅಕ್ಕಿ ಕಾಳಿನಷ್ಟು ಜಂಪರ್, ಚಿಮುಟದಲ್ಲಿ ಕಿತ್ತು ಮಾಸ್ಟರ್‌ಗೆ ಹಾಕುವಾಗ ಜಾರಿ ಬಿತ್ತು. ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಅರ್ಧ ಗಂಟೆ ತೆವಳಿದೆ. ಕೊನೆಗೆ ಕಾಲೊರಸಿನಲ್ಲಿ ಸಿಕ್ಕಿತು. ಆಮೇಲೆ ಎಲ್ಲ ಬಂತು. ಯುಎಸ್‌ಬಿನೇ ಸರಿ, ಒಳಗೆ ಹಾಕುವ ಉಸಾಬರಿ ಬೇಡ.

ಜಯನಗರ 4ನೇ ಬ್ಲಾಕ್:
ಸುಮ್ನೆ ಹೆದರಿಸಬೇಡಿ. ಒಳಗೆ ಹಾಕಿದರೆ ಏನೂ ಆಗಲ್ಲ, ನನ್ನ ಹಾಗೆ ಪೆದ್ದುತನ ಮಾಡದಿದ್ದರೆ. ಹೊಸ ಪವರ್ ಸಪ್ಲೈ ಜೊತೆ ಬಂದ ಸಾಟಾ (ಐಡಿಇ ನಂತರದ ಡಿಸ್ಕ್ ಜೋಡಣೆ) ಪವರ್ ಕೇಬಲ್ ಎಲ್ಲಿಟ್ಟೆನೋ ಸಿಗಲಿಲ್ಲ. ಹಳೇ ಪವರ್ ಸಪ್ಲೈ ಕೇಬಲ್ ಹಾಕಿದೆ. ಸಲೀಸಾಗಿ ಕೂತಿತು. ಸ್ವಿಚ್ ಒತ್ತಿದ ತಕ್ಷಣ ಟಪ್ ಅಂತ ಸದ್ದು, ಸುಟ್ಟ ವಾಸನೆ. ಡಿಸ್ಕ್ ಕಡೆ ತುದಿ ಎಲ್ಲರದ್ದೂ ಒಂದೇ, ಪವರ್ ಸಪ್ಲೈ ಕಡೆ ಪಿನ್ ಜೋಡಣೆ ಮಾತ್ರ ಕಂಪನಿಗೊಂದು ಥರ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿದೆ. ಒಂದು ಕಡೆ ರಿಕವರಿಗೆ 22,000 ಕೇಳಿದರು. ಇನ್ನೊಂದು ಕಡೆ 18,500, ಅದೂ ಗ್ಯಾರಂಟಿ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದು ಅದೇ ಮಾಡೆಲ್ ಡಿಸ್ಕಿನ ಬೋರ್ಡ್ 1,800ಕ್ಕೆ ತಂದೆ. ಸುಮ್ನೆ ಬದಲಿಸಿದರೆ ಓಡಲ್ಲ. ಹಳೇ ಬೋರ್ಡಿನ ಎಂಟು ಕಾಲಿನ ರಾಮ್ ಚಿಪ್ ಕಿತ್ತು ಹೊಸದಕ್ಕೆ ಬೆಸುಗೆ ಹಾಕಬೇಕು. ಅದಕ್ಕೆ 900. ಆಟೋ, ಊಟ ಲೆಕ್ಕಕ್ಕೇ ಹಿಡಿದಿಲ್ಲ.

ಸಾಗರದವ:
ಏನೂ ಆಗಲ್ಲ ಅಂತೀರಿ, ಕೆಳಗೆ ಸುಟ್ಟ ಕಥೆ ಹೇಳ್ತೀರಿ! ನನ್ನ 1,150 ರೂಪಾಯಿ ಅಡಾಪ್ಟರ್ ಏನನ್ನೂ ಸುಟ್ಟಿಲ್ಲ. ಮತ್ತೆ ಅದು ರಾಮ್ ಅಲ್ಲ, ರೋಮ್, ಆ ಡಿಸ್ಕಿನದೇ ಮಾಹಿತಿ ಇರುವ ಚಿಪ್.

ಜಯನಗರ 4ನೇ ಬ್ಲಾಕ್:
ರೋಮ್ ಅಂತಲೇ ಬರೆಯಬೇಕಿತ್ತು, ಬೆರಳು ತಪ್ಪಿತು. ಕಾಲೊರಸಿನಲ್ಲಿ ಜಂಪರ್ ಹುಡುಕಿದವರು ಪಾಠ ಹೇಳೋದು ಬೇಡ.

ಮೈಸೂರಿನ ನಿವೃತ್ತ ಮೇಷ್ಟ್ರು:
ಜಗಳ ಆಮೇಲೆ. ಹುಡುಗ ನುಡಿ ಅಂದಿದ್ದಾನೆ, ಯಾರೂ ನೋಡಲಿಲ್ಲವಲ್ಲ. ನಾನು ಹನ್ನೊಂದು ವರ್ಷದ ಪ್ರಶ್ನೆಪತ್ರಿಕೆ, ನಾಟಕ ಎಲ್ಲ ನುಡಿಯಲ್ಲೇ ಮಾಡಿದ್ದೆ. ಮಗಳು ಹೊಸ ಕಂಪ್ಯೂಟರಲ್ಲಿ ತೆಗೆದರೆ ಕನ್ನಡವೇ ಇಲ್ಲ! ತಲೆ ಮೇಲೆ ಚುಕ್ಕಿ, ಗೀಟು ಇರುವ ಯಾವುದೋ ಪರದೇಶದ ಅಕ್ಷರ. ಡಿಸ್ಕೇ ಕೆಟ್ಟಿದೆ ಅಂತ ಅಂಗಡಿಯವನು 3,000 ಕಿತ್ತುಕೊಂಡ. ಡಿಸ್ಕಿಗೆ ಏನೂ ಆಗಿರಲಿಲ್ಲ. ಆಗಿನದು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ, ಅಷ್ಟೇ. ಹಳೇ ನುಡಿ ಫಾಂಟ್ ಹಾಕಿದ್ದೇ ತಡ, ನಾಟಕದ ಮೊದಲ ಸಾಲು ಹಾಗೇ ಎದ್ದು ಬಂತು. ಆಮೇಲೆ ಯುನಿಕೋಡಿಗೆ ಪರಿವರ್ತಿಸಿದೆ. ಒತ್ತಕ್ಷರ ಅಲ್ಲಲ್ಲಿ ಕೆಟ್ಟವು, ಕೂತು ತಿದ್ದಿದೆ.

ಹುಬ್ಬಳ್ಳಿ ಡಿಟಿಪಿ:
ಅದಕ್ಕೇ ಸರ್, ನಾವು ನುಡಿ ಬಿಟ್ಟು ಆಗಿನಿಂದಲೂ ‘ಬರಹ’ ತಂತ್ರಾಂಶ.

ಮೈಸೂರಿನ ನಿವೃತ್ತ ಮೇಷ್ಟ್ರು:
ಆಗಿನ ಬರಹದ ಫಾಂಟೂ ಯುನಿಕೋಡ್ ಆಗಿರಲಿಲ್ಲ ಮಾರಾಯರೇ. ಕೀಲಿಮಣೆಯ ಜಗಳ ಬೇಕಾದರೆ ಇನ್ನೊಂದು ದಿನ ಆಡೋಣ.

ಹುಬ್ಬಳ್ಳಿ ಡಿಟಿಪಿ:
ಇವತ್ತೇ ಆಡೋಣ. ದಿನಕ್ಕೆ 40 ಪುಟ ಹೊಡೆದ ಕೈ ಇದು. ಇರಲಿ. ನನ್ನ ಗೋಳು ಬೇರೆ. ಡಿಸ್ಕ್ ಒಳಗೇ ಹಾಕಿದೆ, ಕೆಂಪು ಡೇಟಾ ಕೇಬಲ್ ಮೂರು ಸಲ ಬದಲಿಸಿದೆ, ಕಂಪ್ಯೂಟರ್ ಶುರುವಾಗುವಾಗಿನ ಬಯೋಸ್ ಪರದೆಯಲ್ಲೂ ಕಾಣಲಿಲ್ಲ. ಎರಡು ದಿನ ಅಂಗಡಿ ಕೆಲಸ ನಿಂತಿತು. ಆಮೇಲೆ ಮದರ್‌ಬೋರ್ಡಿನ ಮ್ಯಾನುಯಲ್ ಓದಿದೆ: ಎರಡನೇ ಎಂ.2 ಸ್ಲಾಟಿನಲ್ಲಿ (ಬೋರ್ಡಿಗೇ ನೇರ ಕೂರುವ ಡಿಸ್ಕಿನ ಜಾಗ) ಎಸ್‌ಎಸ್‌ಡಿ ಇದ್ದರೆ 5, 6ನೇ ಸಾಟಾ ಪೋರ್ಟ್ ಬಂದ್. ನಾನು ಹಾಕಿದ್ದು 5ಕ್ಕೆ. 1ಕ್ಕೆ ಹಾಕಿದೆ, ಬಂತು. ‘ಮೈ ಡಾಕ್ಯುಮೆಂಟ್ಸ್’ ತೆಗೆದರೆ ಅನುಮತಿ ಇಲ್ಲ ಅಂತು. ಕಂಟಿನ್ಯೂ ಒತ್ತಿ ಚಹಾ ಕುಡಿದು ಬಂದೆ, ಇನ್ನೂ ಹಸಿರು ಪಟ್ಟಿ ಓಡ್ತಾ ಇತ್ತು.

ಸಾಗರದವ:
ಯುಎಸ್‌ಬಿ ಆಗಿದ್ದರೆ ಈ ಎಂ.2 ರಾಮಾಯಣವೇ ಇರುತ್ತಿರಲಿಲ್ಲ. ಮತ್ತೆ ಹೇಳ್ತೀನಿ, ಮೊದಲು ಜಂಪರ್ ನೋಡ್ಕೊ ತಮ್ಮಾ.

ದಾವಣಗೆರೆ ಹುಡುಗ:
ಅಣ್ಣಾ, ನನ್ನ ಡಿಸ್ಕ್‌ಗೆ ಮಾಸ್ಟರ್, ಸ್ಲೇವ್ ಅಂತ ಬರೆದೇ ಇಲ್ಲ. ಎಲ್ ಥರದ ಎರಡು ಕಿಂಡಿ ಅಂತ ಮೊದಲೇ ಹೇಳಿದ್ದೆ, ಅದು ಸಾಟಾ, ಐಡಿಇ ಅಲ್ಲ. ಹೊಸ ಪವರ್ ಸಪ್ಲೈ ಜೊತೆ ಬಂದ ಕೇಬಲನ್ನೇ 1ನೇ ಪೋರ್ಟಿನ ಡಿಸ್ಕ್‌ಗೆ ಹಾಕಿದೆ. ತಿರುಗ್ತಾ ಇದೆ. ಈಗ ‘ಇನಿಷಿಯಲೈಸ್ ಡಿಸ್ಕ್’ ಅಂತ ಕೇಳ್ತಿದೆ. ಓಕೆ ಒತ್ತಲಾ?

ಜಯನಗರ 4ನೇ ಬ್ಲಾಕ್:
ಒತ್ತಬೇಡ!! ಒಳಗಿರೋದು ಕೈಗೆ ಸಿಗದ ಹಾಗಾಗುತ್ತೆ.

ಸಾಗರದವ:
ಒತ್ತಬೇಡ. ಈ ಒಂದು ವಿಷಯದಲ್ಲಿ ಮಾತ್ರ ಜಯನಗರದವರ ಮಾತು ಕೇಳು. ಕ್ಯಾನ್ಸಲ್ ಮಾಡಿ, ಆಫ್ ಮಾಡಿ, ಎರಡೂ ಕೇಬಲ್ ಕಿತ್ತು ಗಟ್ಟಿಯಾಗಿ ಹಾಕಿ ನೋಡು. ಕಟ್ ಕಟ್ ಸದ್ದು ಬರ್ತಿದೆಯಾ?

ದಾವಣಗೆರೆ ಹುಡುಗ:
ಸದ್ದಿಲ್ಲ. ಡೇಟಾ ಕೇಬಲ್ ಅರ್ಧ ಹೊರಗಿತ್ತು. ಈಗ ಇ ಡ್ರೈವ್ ಬಂತು. ಅಕ್ಕನ ಮದುವೆ ಅಂತ ಏಳು ಫೋಲ್ಡರ್ ಇವೆ, ಕಾಪಿ ಹಾಕಿದೀನಿ.

ಹುಬ್ಬಳ್ಳಿ ಡಿಟಿಪಿ:
ಅಪ್ಪನ ಕಡತ ನುಡಿದಾ, ಬರಹದ್ದಾ, ಸರಿಯಾಗಿ ನೋಡಿ ಹೇಳು. ಮೇಷ್ಟ್ರ ಹತ್ರ ಲೆಕ್ಕ ಬಾಕಿ ಇದೆ.