ಮಂಡಿ ನೋವಿಗೆ ಇನ್ನೇನು ತಿನ್ನೋದು ಬಿಡಬೇಕು?

ಪ್ರಶ್ನೆ: ನನಗೆ 52 ವರ್ಷ. ಎರಡು ವರ್ಷದಿಂದ ಮಂಡಿ ನೋವು. ಈಚೆಗೆ ತೊಡೆ, ಸೊಂಟ, ಭುಜವೂ ಹಿಂಡಿದ ಹಾಗೆ ನೋಯುತ್ತವೆ. ಟೊಮೆಟೊ, ಬದನೆ, ಆಲೂಗಡ್ಡೆ, ಬೇಳೆಕಾಳು ಬಿಡಿ ಅಂದರು. ಬಿಟ್ಟು ನಾಲ್ಕು ತಿಂಗಳಾಯಿತು. ನೋವು ಹಾಗೇ ಇದೆ, ಸುಸ್ತು ಜಾಸ್ತಿಯಾಗಿದೆ. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಇನ್ನೇನು ಬಿಡಲಿ?

ಆಹಾರ ತಜ್ಞೆಯ ಉತ್ತರ: ದಯವಿಟ್ಟು ಇನ್ನೇನೂ ಬಿಡಬೇಡಿ. ಬೇಳೆಕಾಳು ಇವತ್ತೇ ಮತ್ತೆ ಶುರು ಮಾಡಿ. ಟೊಮೆಟೊ, ಬದನೆಯಿಂದ ಕೀಲು ನೋವು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಕೈ ಊರಿ ಏಳುತ್ತೇನೆ ಅಂದಿರಲ್ಲ, ನನಗೆ ಚಿಂತೆ ಅದರದ್ದೇ. ಕುರ್ಚಿಯಿಂದ ನಿಮ್ಮನ್ನು ಎಬ್ಬಿಸುವುದು ಮುಖ್ಯವಾಗಿ ತೊಡೆಯ ಮುಂಭಾಗದ ಸ್ನಾಯು. ನಡೆಯುವಾಗ ಮಂಡಿಗೆ ಆಸರೆಯೂ ಅದೇ. ಪ್ರೋಟೀನ್ ಸಾಲದಿದ್ದರೆ ಅದು ಸೊರಗುತ್ತದೆ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ, ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂ ಪ್ರೋಟೀನ್ ಆದರೂ ಬೇಕು.

ಜೊತೆಗೆ ಡಾಕ್ಟರನ್ನು ಕಂಡು ವಿಟಮಿನ್ ಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡರಲ್ಲಿ ಯಾವುದು ಕಡಿಮೆಯಾದರೂ ಹೀಗೇ ಮೈ ನೋವು, ಶಕ್ತಿ ಇಲ್ಲದ ಹಾಗೆ ಆಗಬಹುದು. ಕೊಲೆಸ್ಟರಾಲ್ ಮಾತ್ರೆಯಿಂದಲೂ ಕೆಲವರಿಗೆ ಸ್ನಾಯು ನೋವು ಬರುತ್ತದೆ. ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಬೆಳಿಗ್ಗೆ ಎದ್ದಾಗ ಮೈ ಎಷ್ಟು ಹೊತ್ತು ಬಿಗಿದಿರುತ್ತದೆ? ತೂಕ ಎಷ್ಟು?

ಪ್ರಶ್ನೆ ಕೇಳಿದವರು: ಹತ್ತು ನಿಮಿಷ ಬಿಗಿ. ತೂಕ 78 ಕಿಲೋ, ಎತ್ತರ ಐದೂಕಾಲು ಅಡಿ. ಆದರೆ ಬೇಳೆಯಿಂದ ಯೂರಿಕ್ ಆಸಿಡ್ ಏರುತ್ತದೆ ಅಲ್ವಾ?

ಉತ್ತರ: ಹತ್ತು ನಿಮಿಷ ಅಂದರೆ ಸ್ವಲ್ಪ ಸಮಾಧಾನ. ಮುಕ್ಕಾಲು, ಒಂದು ಗಂಟೆ ಬಿಗಿದಿದ್ದರೆ ಉರಿಯೂತದ ಕಾಯಿಲೆ ಇರಬಹುದು, ಅದಕ್ಕೆ ಬೇಗ ಔಷಧಿ ಬೇಕು.

ಯೂರಿಕ್ ಆಸಿಡ್‌ನಿಂದ ಬರುವ ಗೌಟ್ ನೋವೇ ಬೇರೆ. ಎಷ್ಟೋ ಸಲ ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿಕೊಳ್ಳುತ್ತದೆ, ಮೇಲೆ ಹೊದಿಕೆ ತಾಗಿದರೂ ಸಹಿಸಲಾಗದು. ಗೌಟ್ ಇದ್ದವರಿಗೂ ಹೆಚ್ಚು ತೊಂದರೆ ಕೊಡುವುದು ಮಾಂಸ, ಬಿಯರ್, ಸಕ್ಕರೆ ಪಾನೀಯಗಳು. ಬೇಳೆ ಅಲ್ಲ.

ತೂಕ ಇಳಿಸಿದರೆ ಮಂಡಿಗೆ ನಿಜವಾಗಿ ಲಾಭ ಇದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ. ಆದರೆ ಉಪವಾಸ ಬಿದ್ದು ಇಳಿಸಬೇಡಿ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸಕ್ಕರೆ, ಕರಿದದ್ದು ಕಡಿಮೆ ಮಾಡಿ, ಪ್ರೋಟೀನ್ ಉಳಿಸಿಕೊಳ್ಳಿ. ಪರೀಕ್ಷೆಯ ವರದಿ ಬಂದ ಮೇಲೆ ಇಲ್ಲೇ ಬರೆಯಿರಿ, ಊಟದ ಪಟ್ಟಿಯನ್ನು ಒಟ್ಟಿಗೆ ಮಾಡೋಣ.